ದಾಳಿಂಬೆಯ ಕೊನೆಯ ಬಾಟಲಿ

ಹುನಗುಂದದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಕಾಯಂ ನೌಕರಿ ಬಿಟ್ಟು ಬಾಗಲಕೋಟೆಯ ಪ್ರಯೋಗಾಲಯಕ್ಕೆ ಸಂಶೋಧಕಿಯಾಗಿ ಸೇರಿದಾಗ ನನಗೆ ನಲವತ್ತೆರಡು. 'ಹುಚ್ಚ ಹಿಡದೈತೇನು ನಿನಗ?' ಎಂದಳು ಅವ್ವ. ಹಿಡಿದಿತ್ತು. ಹನ್ನೆರಡು ವರ್ಷ ಕರಿಹಲಗೆಯ ಮೇಲೆ ಜೀವಕೋಶ ಬರೆದು ಬರೆದು ಸಾಕಾಗಿತ್ತು. ಒಮ್ಮೆಯಾದರೂ ಕೈಯಾರೆ ಬೆಳೆಸಿ ನೋಡಬೇಕಿತ್ತು.

ಮೊದಲು ಸಿಕ್ಕಿದ್ದು ಕಮತಗಿಯ ಹತ್ತಿರದ ಒಂದು ದಾಳಿಂಬೆ ತೋಟ. ತೋಟಕ್ಕೆಲ್ಲ ಚುಕ್ಕಿ ರೋಗ ಬಿದ್ದು ಕಾಯಿ ಬಿರಿದಿದ್ದವು. ಬದುವಿನ ಪಕ್ಕದ ಒಂದೇ ಗಿಡ ಮಾತ್ರ ಏನೂ ಆಗದಂತೆ ನಿಂತಿತ್ತು. ತೋಟದ ಒಡತಿ ಆಯಿ ಅದರ ಎಳೆ ಚಿಗುರು ಕೊಯ್ದುಕೊಳ್ಳಲು ಬಿಟ್ಟಳು. ಚಿಗುರಿನ ತುಂಡನ್ನು ಬಾಟಲಿಯೊಳಗೆ ಬೆಳೆಸಿ ಸಸಿ ಮಾಡುವುದು ನನ್ನ ಕೆಲಸ. ಮರುವಾರ ಅವಳ ಮಕ್ಕಳು ಜೆಸಿಬಿ ತರಿಸಿ ಇಡೀ ತೋಟ ಕಿತ್ತುಹಾಕಿದರು, ಆ ಗಿಡವನ್ನೂ. ಆಯಿ ಫೋನಿನಲ್ಲಿ ಅತ್ತಳು.

'ಆಯಿ, ನನ್ನ ಕಡೆ ಇಪ್ಪತ್ತು ಬಾಟ್ಲಿ ಅದಾವು. ಯಾಕ ಅಳ್ತೀರಿ?' ಎಂದು ಜಂಬದಿಂದ ಹೇಳಿದೆ.

ಹತ್ತನೆಯ ದಿನ ಒಂದು ಚಿಗುರಿನ ಬುಡದಲ್ಲಿ ಹಾಲಿನಂಥ ಲೋಳೆ ಕಂಡಿತು. ಅದು ಬ್ಯಾಕ್ಟೀರಿಯಾ; ಬಂತೆಂದರೆ ಆ ಬಾಟಲಿ ಮುಗಿಯಿತು. ಆಮೇಲೆ ದಿನಕ್ಕೊಂದು, ಎರಡು. ನೀರು ಬದಲಿಸಿದೆ, ಸ್ಪಿರಿಟ್ ಬದಲಿಸಿದೆ, ಚಿಗುರಿನ ಆಹಾರಕ್ಕೆ ಬೆರೆಸುವ ಸಕ್ಕರೆ ಕೊಟ್ಟ ಅಂಗಡಿಯವನನ್ನೂ ಬೈದು ಬಂದೆ. ಆಯಿಯ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕಡೆಗೆ ಒಂದೇ ಬಾಟಲಿ ಉಳಿಯಿತು. ಅದರೊಳಗಿನ ಆಹಾರವೂ ತೀರುತ್ತ ಬಂದಿತ್ತು, ಚಿಗುರನ್ನು ಅಂದೇ ಹೊಸ ಬಾಟಲಿಗೆ ಹಾಕಬೇಕಿತ್ತು.

ಪ್ರಯೋಗಾಲಯದ ಸಹಾಯಕಿ ಕುಳಗೇರಿ ಕ್ರಾಸಿನ ಹುಡುಗಿ, ಹಿಂದೆ ನನ್ನ ಕೈಯಲ್ಲೇ ಕಲಿತವಳು. ನಾನು ಮೇಜಿನ ಮುಂದೆ ಕೂತೊಡನೆ ಅವಳ ಕಣ್ಣಲ್ಲಿ ನೀರು.

'ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಮಾಸ್ಕ್ ಗಲ್ಲಕ್ಕ ಇಳಿಸಿ ಮಾತಾಡಕೋತ ಕೆಲಸ ಮಾಡ್ತೀರಿ. ತೆರದ ಬಾಟ್ಲಿ ಮ್ಯಾಲ ಉಗುಳು ಸಿಡಿತೈತ್ರಿ.'

ಅಯ್ಯೋ ಶಿವನೇ! ನಿಜ. ಚಿಗುರು ಕತ್ತರಿಸುವಾಗಲೆಲ್ಲ ಅವಳಿಗೆ ಪಾಠ ಹೇಳುತ್ತಿದ್ದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಪಾಠ ಹೇಳಿ ನನಗೆ ಗೊತ್ತೇ ಇಲ್ಲ.

'ಯಾವಾಗಿಂದ ಗೊತ್ತ ನಿನಗ?'

'ಮೊದಲನೇ ವಾರದಿಂದರಿ.'

'ಮತ್ತ ಹೇಳಾಕ ಏನ ಧಾಡಿಯಾಗಿತ್ತು?'

'ಕಲಿಸಿದವರಿಗೆ ಹ್ಯಾಂಗ ಹೇಳೂದ್ರಿ?'

ಬೈಯಲು ಬಾಯಿ ತೆರೆದವಳಿಗೆ ನಾಚಿಕೆಯಾಯಿತು. ದೊಡ್ಡವರಿಗೆ ಎದುರು ಮಾತಾಡಬಾರದೆಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದ್ದೆನೋ. ಚಿಮಟವನ್ನು ಅವಳ ಕೈಗೆ ಕೊಟ್ಟು ಹೊರಗೆ ಬಂದು ಗಾಜಿನಾಚೆ ನಿಂತೆ. ಅವಳು ಆ ಚಿಗುರನ್ನು ನಾಲ್ಕು ತುಂಡು ಮಾಡಿ ನಾಲ್ಕು ಬಾಟಲಿಗೆ ಹಾಕಿದಳು.

ಹದಿನೈದು ದಿನ ಕಳೆದ ಮೇಲೂ ಎರಡು ನಿಚ್ಚಳವಾಗಿದ್ದವು. ಅಂದು ಆಯಿಯ ಫೋನ್ ಎತ್ತಿದೆ. ಇಪ್ಪತ್ತರಲ್ಲಿ ಹತ್ತೊಂಬತ್ತು ನನ್ನ ಬಾಯಿಂದಲೇ ಹಾಳಾದವು, ಉಳಿದ ಒಂದರಿಂದ ಎರಡು ಬದುಕಿವೆ ಎಂದು ಇದ್ದದ್ದೆಲ್ಲ ಹೇಳಿಬಿಟ್ಟೆ.

'ಆ ಎರಡು ಬದುಕಿಸಿದಾಕಿ ಯಾರು?' ಎಂದಳು ಆಯಿ.

'ನನ್ನ ಕಡೆ ಕಲಿತ ಹುಡುಗಿರಿ.'

'ಹಂಗಾರ ಫೋನ್ ಆಕಿ ಕೈಯಾಗ ಕೊಡವಾ.'