ಫುಲ್‌ಸ್ಟಾಪಿನ ನಂತರ ಎರಡು ಸಲ

ಅರವತ್ತೈದು ಅಕ್ಷರಕ್ಕೆ ಒಂದು ಸಾಲು. ನನ್ನ ಕೆಲಸ ನಿಂತಿದ್ದುದು ಈ ಲೆಕ್ಕದ ಮೇಲೆ. ಎರಡು ಸಾವಿರದ ಇಸವಿಯ ನಂತರದ ವರ್ಷಗಳು ಅವು. ವಿಶಾಖಪಟ್ಟಣದ ಒಂದು ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಗೊಣಗಿದ್ದನ್ನೆಲ್ಲ ಟೈಪು ಮಾಡುತ್ತಿದ್ದೆ. ಫೈಲುಗಳು ವಿಜಯವಾಡದ ಮುಖ್ಯ ಕಚೇರಿಗೆ ಹೋಗುತ್ತಿದ್ದವು. ಅಲ್ಲಿ ಸ್ಕ್ರಿಪ್ಟ್ ಎಂದು ಕರೆಯುವ ಪುಟ್ಟ ಪ್ರೋಗ್ರಾಮೊಂದು ಒಂದೊಂದು ಫೈಲಿನ ಅಕ್ಷರಗಳನ್ನೂ, ಪದಗಳ ನಡುವಿನ ಖಾಲಿ ಜಾಗವನ್ನೂ ಎಣಿಸಿ, ಅರವತ್ತೈದರಿಂದ ಭಾಗಿಸಿ, ಇಂಥವಳು ಇಷ್ಟು ಸಾಲು ಹೊಡೆದಿದ್ದಾಳೆ ಎಂದು ತೀರ್ಪು ಕೊಡುತ್ತಿತ್ತು. ಟ್ರೈನಿಂಗ್ ಮುಗಿಯುವಾಗ ನಿಗದಿಯಾದಷ್ಟು ಸಾಲು ಬಂದಿದ್ದರೆ ಕೆಲಸ ಕಾಯಂ. ಬರದಿದ್ದರೆ ಮನೆಗೆ.

ಮನೆಯೆಂದರೆ ನನಗೆ ಭಯವಿತ್ತು. ಮದುವೆಯಾಗಿ ಹುಬ್ಬಳ್ಳಿಯಿಂದ ಬಂದವಳು ನಾನು. ಯಜಮಾನರು ಪರವಾಡದ ಔಷಧ ಕಾರ್ಖಾನೆಯಲ್ಲಿದ್ದರು. ಕಂಪನಿ ಬಸ್ಸಿನ ಹಾರನ್ ಕೇಳಿದರೆ ಅರ್ಧ ಕಪ್ ಚಹಾ ಬಿಟ್ಟು ಓಡುವ ಮನುಷ್ಯ. ಅವರು ಹೋದ ಮೇಲೆ ಬಾಯಿ ತೆರೆಯಲು ನನಗೊಂದು ನರಪಿಳ್ಳೆ ಇರಲಿಲ್ಲ. ನನ್ನ ತೆಲುಗು ಕೇಳಿ ತರಕಾರಿಯವಳು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಈ ಕೆಲಸ ಸಿಕ್ಕ ಮೇಲೆಯೇ ನಾನು ಮತ್ತೆ ಮನುಷ್ಯಳಾದದ್ದು. ಅದನ್ನು ಕಳೆದುಕೊಳ್ಳುವುದಿರಲಿ, ನೆನೆಸಿಕೊಂಡರೂ ಎದೆ ಝಲ್ಲೆನ್ನುತ್ತಿತ್ತು.

ಟ್ರೈನಿಂಗಿನ ಕೊನೆಯ ವಾರ ನಮ್ಮ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ನಾಳೆ ನೀವು ವಿಜಯವಾಡಕ್ಕೆ ಹೋಗಬೇಕಂತೆ. ನಿಮ್ಮ ಫೈಲುಗಳಲ್ಲಿ ಸ್ಪೇಸ್ ಜಾಸ್ತಿ ಇದೆಯಂತೆ. ಸಾಲು ಏರಿಸೋಕೆ ಬೇಕಂತಲೇ ತುಂಬಿದ್ದಾರೆ ಅಂತಿದ್ದಾರೆ," ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. ಅಲ್ಲಿ ಹೊಸದಾಗಿ ಬಂದ ಕಂಪ್ಯೂಟರ್ ಎಂಜಿನಿಯರ್ ಒಬ್ಬ ಸ್ಕ್ರಿಪ್ಟನ್ನು ತಿದ್ದಿ, ಅಕ್ಷರ ಬೇರೆ ಖಾಲಿ ಜಾಗ ಬೇರೆ ಎಂದು ಎಣಿಸಿದ್ದನಂತೆ. ಫುಲ್‌ಸ್ಟಾಪ್ ಆದಲ್ಲೆಲ್ಲ ನನ್ನದು ಒಂದಲ್ಲ, ಎರಡು ಸ್ಪೇಸ್.

ಅಯ್ಯೋ ನನ್ನ ಕರ್ಮವೇ! ಅದು ಹುಬ್ಬಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಪಾಠ. ಕಾಮಾಗೆ ಒಂದು, ಫುಲ್‌ಸ್ಟಾಪಿಗೆ ಎರಡು. ಒಂದೇ ಹೊಡೆದರೆ ಮಾಸ್ತರು ಸ್ಕೇಲಿನಿಂದ ಹೆಬ್ಬೆರಳಿಗೆ ಕುಟ್ಟಿ, "ಎರಡು ಸಲ, ತಂಗಿ, ಎರಡು ಸಲ!" ಅನ್ನುತ್ತಿದ್ದರು. ಹಾಗೆ ಕಲಿತ ಹೆಬ್ಬೆರಳು ನನ್ನನ್ನು ಕೇಳಿ ಬಡಿಯುತ್ತದೆಯೇ?

ಯಜಮಾನರು ಶಿಫ್ಟು ಮುಗಿಸಿ ಬಂದವರು ಎಲ್ಲ ಕೇಳಿಸಿಕೊಂಡರು. "ಖರೇನ ಹಾಕೀಯೇನ?" ಎಂದರು.

ನನಗೆ ಉರಿದುಹೋಯಿತು. "ಹಾಕೀನ್ರಿ! ಎಲ್ಲಾ ಕಡೆ ಹಾಕೀನಿ! ಹಂಗ ಕಲಿಸ್ಯಾರ!"

"ಹಂಗಾರ ಅದನ್ನ ಹೇಳು. ಅಂಜೂದ್ಯಾಕ?"

ಅವರಿಗೇನು, ಹೇಳಿ ಮಲಗಿದರು. ನನ್ನ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಊರಂಚಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಎದುರು ಸೀಟಿನವರು ಕೊಟ್ಟ ಇಡ್ಲಿಯನ್ನು ಕೈಯಲ್ಲೇ ಹಿಡಿದು ಕೂತೆ. ವಿಜಯವಾಡದಲ್ಲಿ ಎದುರಿಗೇ ಕೂರಿಸಿ ಟೈಪು ಮಾಡಿಸುತ್ತಾರಂತೆ. ಒಂದೇ ಸ್ಪೇಸ್ ಹೊಡೆದರೆ, "ನೋಡಿ, ಬರುತ್ತಲ್ಲ, ಹಾಗಾದರೆ ಇಷ್ಟು ದಿನ ಮೋಸ ಮಾಡಿದಿರಿ," ಅನ್ನುತ್ತಾರೆ. ಎರಡು ಹೊಡೆದರೆ ಕಣ್ಣೆದುರಿಗೇ ಕದ್ದ ಹಾಗೆ. ಹ್ಯಾಂಡ್‌ಬ್ಯಾಗಿನ ಮೇಲೆ ಬೆರಳಿಟ್ಟು ಒಂದೇ ಹೊಡೆದು ನೋಡಿದೆ. ಹೆಬ್ಬೆರಳು ಟಕ್‌ಟಕ್ ಎಂದು ಎರಡು ಬಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಮುನ್ನೂರೈವತ್ತು ಕಿಲೋಮೀಟರು ಹೆಗಲು ಮುಟ್ಟಿಕೊಂಡೇ ಹೋದೆ.

ವಿಜಯವಾಡದ ಸೆಕೆಯಲ್ಲಿ ಮೂರನೇ ಮಹಡಿ ಹತ್ತುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು. ಮ್ಯಾನೇಜರು ವಯಸ್ಸಾದವರು. "ಕೂರ್ಚೋಂಡಮ್ಮಾ," ಎಂದು ಕುರ್ಚಿ ತೋರಿಸಿದರು. ಮೋಸದ ಮಾತೇ ಎತ್ತಲಿಲ್ಲ. ಅದು ಇನ್ನೂ ಹೆದರಿಕೆ ಹುಟ್ಟಿಸಿತು. ನಾನು ಇನ್‌ಸ್ಟಿಟ್ಯೂಟಿನ ಕಥೆ ಶುರುಮಾಡಿದರೆ, ಮೊದಲು ಟೈಪು ಮಾಡಿ ಎಂದು ಹೆಡ್‌ಫೋನ್ ಕೊಟ್ಟರು. ಆ ಎಂಜಿನಿಯರ್ ಕೈಕಟ್ಟಿ ಬೆನ್ನ ಹಿಂದೆ ನಿಂತ.

ಯಾವನೋ ಡಾಕ್ಟರು ಯಾರದೋ ಮೊಣಕಾಲಿನ ಆಪರೇಷನ್ ವಿವರಿಸುತ್ತಿದ್ದ. ಮೊದಲ ಫುಲ್‌ಸ್ಟಾಪಿಗೆ ನನ್ನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಒಂದೋ ಎರಡೋ? ಅಷ್ಟರಲ್ಲಿ ಆ ಪುಣ್ಯಾತ್ಮ ಅರ್ಧ ವಾಕ್ಯ ಮುಂದೆ ಹೋಗಿದ್ದ. ಅವನನ್ನು ಹಿಡಿಯಲು ಓಡಿದೆ ನೋಡಿ, ಒಂದೂ ಎರಡೂ ಎಲ್ಲ ಮರೆತೇಹೋಗಿ, ಹೆಬ್ಬೆರಳು ತನ್ನ ಪಾಡಿಗೆ ಎರಡೆರಡು ಬಡಿಯುತ್ತ ಹೋಯಿತು. ಪುಟ ಮುಗಿದಾಗ ಮ್ಯಾನೇಜರು ನನ್ನ ಕೈಯನ್ನೇ ನೋಡುತ್ತಿದ್ದರು.

"ಇದು ಮೋಸ ಅಲ್ಲಯ್ಯಾ. ಇವರ ಕೈಗೆ ಇದೇ ಅಭ್ಯಾಸ," ಎಂದು ಅವನಿಗೆ ಹೇಳಿದರು.

ಹೋದ ಜೀವ ಬಂತು. ಕಣ್ಣು ತುಂಬಿ ಪರದೆ ಮಸುಕಾಯಿತು.

"ಹಾಗಾದರೆ ಎರಡು ಸ್ಪೇಸ್ ಇದ್ದಲ್ಲಿ ಒಂದೇ ಎಣಿಸೋ ಹಾಗೆ ಮಾಡ್ತೀನಿ ಸರ್," ಎಂದ ಎಂಜಿನಿಯರ್. ನಿಂತುಕೊಂಡೇ ಸ್ಕ್ರಿಪ್ಟಿನಲ್ಲಿ ಏನೋ ಬದಲಿಸಿ, ನನ್ನ ಫೈಲುಗಳನ್ನು ಮತ್ತೆ ಅದರ ಬಾಯಿಗೆ ಕೊಟ್ಟ. ಹೊಸ ಲೆಕ್ಕ ಬಂತು. ಗಡಿ ದಾಟಿ ನಿಂತಿದ್ದ ನನ್ನ ಸಾಲುಗಳು ಈಗ ಗಡಿಯಿಂದ ಸ್ವಲ್ಪ ಈಚೆಗೇ ಉಳಿದಿದ್ದವು.

ಮ್ಯಾನೇಜರು ಕನ್ನಡಕ ತೆಗೆದರು. "ನಿಮ್ಮ ತಪ್ಪೇನೂ ಇಲ್ಲಮ್ಮಾ. ಯಾರೂ ನಿಮ್ಮನ್ನ ಕಳ್ಳಿ ಅನ್ನೋ ಹಾಗಿಲ್ಲ. ಆದರೆ ಸಾಲು ಕಡಿಮೆ ಬಂತು. ಕಾಯಂ ಮಾಡೋಕೆ ಆಗಲ್ಲ. ಇವತ್ತಿಗೆ ಮುಗಿಸಿಬಿಡೋಣ."

"ತುಂಬಾ ಥ್ಯಾಂಕ್ಸ್ ಸರ್," ಎಂದೆ. ಬಾಯಿಮಾತಿಗಲ್ಲ, ಹೃದಯ ತುಂಬಿ ಎಂದೆ. ಕೈ ಕೂಡ ಮುಗಿದೆ. ನಾನು ಕಳ್ಳಿಯಲ್ಲ! ಮೆಟ್ಟಿಲನ್ನು ದಡದಡ ಇಳಿದು ಆಟೋ ಹತ್ತಿ, ಸ್ಟೇಷನ್ನಿಗೆ ಎಂದು ಹೇಳುವಾಗಲೂ ನಗುತ್ತಲೇ ಇದ್ದೆ. ಯಜಮಾನರ ಫೋನು ಬಂತು.

"ಏನಂದ್ರು?"

"ಕಳ್ಳಿ ಅಲ್ಲ ಅಂದ್ರುರೀ!"

"ಶಾಬಾಶ್! ನಾ ಹೇಳಿದ್ನಿಲ್ಲೊ? ಹಂಗಾರ ನಾಳೆ ಕೆಲಸಕ್ಕ ಹೋಗಾಕಿ ಅಲ್ಲಾ?"

ಹೂಂ ಅನ್ನಲು ಬಾಯಿ ತೆರೆದೆ. ಕೆಲಸ ಕಿತ್ತುಕೊಂಡವರಿಗೆ ಕೈಮುಗಿದು ಬಂದಿದ್ದೇನೆ ಎಂಬುದು ಆಗ ತಲೆಗೆ ಹೋಯಿತು. ಆಟೋದವನು ಗಾಡಿ ನಿಲ್ಲಿಸಿ ತಿರುಗಿ ನೋಡುವಷ್ಟು ಜೋರಾಗಿ ಅತ್ತುಬಿಟ್ಟೆ.