ಮುಳುಗದ ನಾಣ್ಯ

ಶ್ಕೋದ್ರ ಪಟ್ಟಣದಲ್ಲಿ ಆ ಬೇಸಿಗೆಯಿಡೀ ಹಾಳು ಕರೆಂಟಿನದೇ ಗೋಳು. ಹೊಲಿಗೆ ಕಾರ್ಖಾನೆಯಿಂದ ಸಂಜೆ ಬರುವ ವೀತೋರೆಗೆ, ತಾನಿಲ್ಲದಾಗ ಅದೆಷ್ಟು ಹೊತ್ತು ಹೋಗಿತ್ತೆಂದು ತಿಳಿಯುವುದು ಹೇಗೆ? ಅದಕ್ಕೇ ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಗಡ್ಡೆ ಕಟ್ಟಿಸಿ, ಅದರ ಮೇಲೊಂದು ನಾಣ್ಯ ಇಟ್ಟಿದ್ದಳು. ಮಂಜುಗಡ್ಡೆ ಕರಗಿದರೆ ನಾಣ್ಯ ಮುಳುಗುತ್ತದೆ. ನಾಣ್ಯ ಮುಳುಗಿದರೆ ಒಳಗಿನ ಮಾಂಸ ಕೆಟ್ಟಿತೆಂದರ್ಥ, ಅದು ಬೀದಿನಾಯಿಗೆ. ಆದರೆ ನಾಣ್ಯ ಒಂದು ದಿನವೂ ಮುಳುಗಲಿಲ್ಲ. ಮನೆಮಂದಿಗೆ ಮಾತ್ರ ಮೂರು ಸಲ ಹೊಟ್ಟೆ ಕೆಟ್ಟಿತು. ಮೂರು ಸಲವೂ ಅವಳು ಕಟುಕ ಜೆಫ್‌ನ ಅಂಗಡಿಗೆ ಹೋಗಿ ಅವನ ಜನ್ಮ ಜಾಲಾಡಿ ಬಂದಳು.

ಇವತ್ತು ಅವಳಿಗೆ ರಜೆ. ನಿನ್ನೆಯಿಂದ ಕರೆಂಟಿಲ್ಲ. ಅಡುಗೆಮನೆಗೆ ಬಂದು ನೋಡಿದರೆ, ಅತ್ತೆ ಪ್ರೆಂಡೆ ಫ್ರೀಜರಿನ ಬಾಗಿಲು ತೆರೆದು ಲೋಟದೊಳಗೆ ಬೆರಳು ಹಾಕಿದ್ದಾರೆ.

"ಏನತ್ತೆ ಮಾಡ್ತಿದ್ದೀರಿ?"

"ನಿನ್ನ ನಾಣ್ಯ ಮುಳುಗಿದೆ ಕಣೇ, ತೆಗೀತಿದ್ದೀನಿ. ನೀರು ಗಟ್ಟಿಯಾದ್ಮೇಲೆ ಮತ್ತೆ ಮೇಲಿಡ್ತೀನಿ. ಯಾವಾಗ್ಲೂ ಮಾಡೋದೇ ತಾನೆ!"

"ಯಾವಾಗ್ಲೂನಾ? ಯಾಕತ್ತೆ?"

"ಮುಳುಗಿದ್ದು ಕಂಡ್ರೆ ನೀನು ಮಾಂಸ ಎಸೆದುಬಿಡ್ತೀಯಲ್ಲ! ತಿನ್ನೋದನ್ನ ಎಸೆಯೋದು ಪಾಪ ಕಣೇ."

ವೀತೋರೆ ಹಣೆ ಚಚ್ಚಿಕೊಂಡಳು.

"ಅದಿರ್ಲಿ," ಎಂದರು ಪ್ರೆಂಡೆ, ನಾಣ್ಯವನ್ನು ಏಪ್ರನ್ನಿಗೆ ಒರೆಸುತ್ತ, "ಇನ್ಮೇಲೆ ಆ ಜೆಫ್ ಹತ್ರ ಮಾಂಸ ತರ್ಬೇಡ. ತಿಂದಾಗೆಲ್ಲ ಹೊಟ್ಟೆ ಕೆಡುತ್ತೆ."