ಅಪ್ಪನ ಮೋಟಾರು ನಿಂತ ಸದ್ದು

ಮಕ್ಕಳೇ, ಇವತ್ತು ಸೊಸೆ ಫ್ಯಾನ್ ಆರಿಸಿದಾಗ ನನ್ನ ಹಳೇ ರೇಡಿಯೋ ‘ಟಪ್’ ಎಂದಿತು. ನಮ್ಮವ್ವನ ನೆನಪಾಯಿತು.

ದಂಡಿನಶಿವರದಲ್ಲಿ ಮನೆ ಹಿಂದೆಯೇ ನಮ್ಮ ತೆಂಗಿನ ತೋಟ. ಅಪ್ಪ ಪಂಪಿನ ಮೋಟಾರು ನಿಲ್ಲಿಸಿದರೆ ರೇಡಿಯೋದಲ್ಲಿ ಹೀಗೇ ಸದ್ದಾಗುತ್ತಿತ್ತು. ಮೋಟಾರಿನೊಳಗಿನ ತಂತಿಯ ಸುರುಳಿ ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ಬಿಟ್ಟುಕೊಡುವುದಿಲ್ಲ. ಆರಿಸಿದ ಕ್ಷಣ ವೋಲ್ಟೇಜು ಎಗರಿ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ಅದೇ ರೇಡಿಯೋಗೆ ಕೇಳುವುದು. ಇದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವ್ವ ಮಾತ್ರ ಸದ್ದು ಕೇಳಿದೊಡನೆ, “ನಿಮ್ಮಪ್ಪ ಹೊಂಟವ್ರೆ ಕಣೇ, ತಟ್ಟೆ ಇಡು” ಎನ್ನುತ್ತಿದ್ದಳು. ಅಪ್ಪ ಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ಮುದ್ದೆ ಸಿದ್ಧ.

ಅಪ್ಪನ ತಿಥಿ ಮುಗಿದ ಮೇಲೆ ಚಿಕ್ಕಪ್ಪ ತೋಟಕ್ಕೆ ನೀರು ಹಾಯಿಸಿದರು. ರೇಡಿಯೋ ಟಪ್ ಎಂದಿತು. ಅವ್ವ ಎದ್ದುಹೋಗಿ ಮುದ್ದೆ ಕಟ್ಟಿ, ಸಾರು ಬಿಟ್ಟು, ಬಾಗಿಲ ಕಡೆ ತಿರುಗಿದಳು. ಅಲ್ಲಿ ಚಿಕ್ಕಪ್ಪ ನಿಂತಿದ್ದರು.

“ನಾನ್ ಆಮೇಲ್ ಉಣ್ತೀನಿ ಬುಡಿ, ಅತ್ಗೆಮ್ಮ.”

“ಕೂತ್ಕೊ ಕಣಪ್ಪ,” ಎಂದಳು ಅವ್ವ. “ನಾಳೆಯಿಂದ ಮೋಟ್ರು ಆಫ್ ಮಾಡೋಕ್ ಮುಂಚೆ ಒಂದ್ ಕೂಗು ಹಾಕು. ರೇಡಿಯೋ ಆರಿಸ್ತೀನಿ.”

ಅವ್ವ ಇರುವವರೆಗೂ ಚಿಕ್ಕಪ್ಪ ಕೂಗು ಹಾಕಿಯೇ ಮೋಟಾರು ನಿಲ್ಲಿಸಿದರು.

ಸೊಸೆ ಊಟಕ್ಕೆ ಕರೆಯುತ್ತಿದ್ದಾಳೆ. ಸ್ವಲ್ಪ ತಡೆದು ಹೋಗುತ್ತೇನೆ.